‘ಈಗಲೇ ಮಾತ್ರೆ ಬೇಡ’ ಎಂದರೆ ಏನರ್ಥ?

ರಕ್ತದಾನಕ್ಕೆ ಹೋದಾಗಲೋ, ಆಪರೇಷನ್‌ಗೆ ಮುಂಚಿನ ಪರೀಕ್ಷೆಯಲ್ಲೋ, ಬಸುರಿಯ ಮೊದಲ ತಪಾಸಣೆಯಲ್ಲೋ ಆ ಒಂದು ಸಾಲು ಕಣ್ಣಿಗೆ ಬೀಳುತ್ತದೆ: ‘ಎಚ್‌ಬಿಎಸ್‌ಎಜಿ ಪಾಸಿಟಿವ್’. ಮೈಕೈ ನೋವಿಲ್ಲ, ಹಸಿವು ಚೆನ್ನಾಗಿದೆ, ಕಣ್ಣು ಹಳದಿಯಾಗಿಲ್ಲ. ಹಾಗಾದರೆ ಕಾಯಿಲೆ ಎಲ್ಲಿದೆ?

ಆ ಸಾಲು ಹೇಳುವುದು ಇಷ್ಟೇ: ಹೆಪಟೈಟಿಸ್ ಬಿ ವೈರಸ್ಸಿನ ಹೊರಮೈಯ ಪ್ರೋಟೀನು ರಕ್ತದಲ್ಲಿದೆ. ಲಿವರ್‌ಗೆ ಪೆಟ್ಟಾಗಿದೆಯೋ ಇಲ್ಲವೋ ಅದೊಂದರಿಂದ ತಿಳಿಯದು. ಆರು ತಿಂಗಳಾದರೂ ಅದು ಹೋಗದಿದ್ದರೆ ಸೋಂಕು ದೀರ್ಘಕಾಲದ್ದು ಎಂದು ಲೆಕ್ಕ. ಯಾರಲ್ಲಿ ಉಳಿಯುತ್ತದೆ ಎಂಬುದು ಬಹುಮಟ್ಟಿಗೆ ವಯಸ್ಸಿನ ಮಾತು. ದೊಡ್ಡವರಿಗೆ ತಗುಲಿದರೆ ನೂರಕ್ಕೆ ಐದು ಮಂದಿಗಿಂತ ಕಡಿಮೆ ಜನರಲ್ಲಿ ಉಳಿಯುತ್ತದೆ. ಹುಟ್ಟುವಾಗ ತಾಯಿಯಿಂದ ಬಂದರೆ ನೂರಕ್ಕೆ ಸುಮಾರು 90 ಶಿಶುಗಳಲ್ಲಿ ಬೇರೂರುತ್ತದೆ. ಹೀಗಾಗಿ ಎಷ್ಟೋ ಜನರಿಗೆ ಇದು ತಗುಲಿದ್ದು ನೆನಪೇ ಇರಲಾರದ ವಯಸ್ಸಿನಲ್ಲಿ. ‘ಇದನ್ನೆಲ್ಲಿ ಅಂಟಿಸಿಕೊಂಡೆ?’ ಎಂದು ರೋಗಿಯನ್ನು ಕಟಕಟೆಯಲ್ಲಿ ನಿಲ್ಲಿಸುವ ಮನೆಯವರು ಇದನ್ನು ದಯವಿಟ್ಟು ತಿಳಿದುಕೊಳ್ಳಬೇಕು.

ವೈರಸ್ಸಿನ ಅಡ್ಡಳತೆ ಬರೀ 42 ನ್ಯಾನೋಮೀಟರ್. ಲಿವರ್ ಕೋಶದ ನ್ಯೂಕ್ಲಿಯಸ್ಸಿಗೆ ಹೊಕ್ಕು, ತನ್ನ ಡಿಎನ್‌ಎಯನ್ನು ಉಂಗುರದಂತೆ ಮುಚ್ಚಿಕೊಂಡು ಕೂರುತ್ತದೆ. ಹೊಸ ವೈರಸ್ಸುಗಳಿಗೆ ಆ ಉಂಗುರವೇ ಅಚ್ಚು. ಕೋಶವನ್ನು ಸಾಮಾನ್ಯವಾಗಿ ಅದು ನೇರವಾಗಿ ಕೊಲ್ಲುವುದಿಲ್ಲ. ಸೋಂಕಿತ ಕೋಶಗಳ ಮೇಲೆ ನಮ್ಮದೇ ರೋಗನಿರೋಧಕ ವ್ಯವಸ್ಥೆ ಮುಗಿಬೀಳುತ್ತದಲ್ಲ, ಗಾಯವಾಗುವುದು ಆಗ. ಗಾಯ, ಮಾಯುವುದು, ಮತ್ತೆ ಗಾಯ. ವರ್ಷಗಟ್ಟಲೆ ಹೀಗೇ ನಡೆದರೆ ಮೆತ್ತಗಿದ್ದ ಲಿವರ್ ಗಂಟುಗಂಟಾಗಿ ಗಡುಸಾಗುತ್ತದೆ. ಅದೇ ಸಿರೋಸಿಸ್.

ಡಾಕ್ಟರು ಎಎಲ್‌ಟಿ (ಲಿವರ್ ಕೋಶಗಳಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವ), ವೈರಸ್ಸಿನ ಡಿಎನ್‌ಎ ಪ್ರಮಾಣ, ಲಿವರ್ ಎಷ್ಟು ಗಡುಸಾಗಿದೆ ಎಂಬ ಸ್ಕ್ಯಾನ್ ಇವನ್ನೆಲ್ಲ ಜೋಡಿಸಿ ನೋಡಿ ಕೆಲವರಿಗೆ ‘ಈಗಲೇ ಮಾತ್ರೆ ಬೇಡ’ ಎನ್ನುತ್ತಾರೆ. ಹೆಚ್ಚು ಅನಾಹುತವಾಗುವುದು ಈ ಮಾತನ್ನು ‘ಕಾಯಿಲೆ ಇಲ್ಲ’ ಎಂದು ಕೇಳಿಸಿಕೊಂಡಾಗ. ಇಂದು ತಣ್ಣಗಿರುವ ಸೋಂಕು ಮುಂದೊಂದು ದಿನ ಕೆರಳಬಹುದು; ಸಿರೋಸಿಸ್ ಆಗದೆಯೇ ಲಿವರ್ ಕ್ಯಾನ್ಸರ್ ಬರುವುದೂ ಉಂಟು. ಹೇಳಿದ ದಿನಕ್ಕೆ ರಕ್ತಪರೀಕ್ಷೆಗೆ ಹೋಗುವುದು ಮಾತ್ರೆಯಷ್ಟೇ ಮುಖ್ಯ.

ಟೆನೋಫೊವಿರ್, ಎಂಟೆಕಾವಿರ್ ಮಾತ್ರೆಗಳು ವೈರಸ್ಸಿನ ಬೆಳವಣಿಗೆಯನ್ನು ತಡೆಯುತ್ತವೆ, ಉಂಗುರವನ್ನು ಮುಟ್ಟುವುದಿಲ್ಲ. ‘ವರದಿ ಚೆನ್ನಾಗಿದೆ’ ಎಂದು ತಾನೇ ಮಾತ್ರೆ ಬಿಟ್ಟವರಲ್ಲಿ ಸೋಂಕು ಭುಗಿಲೆದ್ದು ಲಿವರ್ ಕೈಕೊಡುವ ಅಪಾಯವಿದೆ.

ಮನೆಯಲ್ಲಿ ತಟ್ಟೆ ಲೋಟ ಬೇರೆ ಇಡಬೇಕಿಲ್ಲ. ಜೊತೆಗೆ ಕೂತು ಉಣ್ಣುವುದರಿಂದ, ಅಪ್ಪಿಕೊಳ್ಳುವುದರಿಂದ ಇದು ಹರಡದು. ಹರಡುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ. ಒಣಗಿದ ರಕ್ತದಲ್ಲೂ ವೈರಸ್ ಏಳು ದಿನವಾದರೂ ಬದುಕಿರಬಲ್ಲದು, ಆದ್ದರಿಂದ ರೇಜರ್, ಬ್ರಷ್, ಉಗುರುಕತ್ತರಿ ಬೇರೆಯಿರಲಿ. ಮನೆಯವರೆಲ್ಲ ಪರೀಕ್ಷೆ ಮಾಡಿಸಿ ಲಸಿಕೆ ಹಾಕಿಸಿಕೊಳ್ಳಲಿ. ತಾಯಿಗೆ ಸೋಂಕಿದ್ದರೆ ಮಗುವಿಗೆ ಹುಟ್ಟಿದ 24 ಗಂಟೆಯೊಳಗೆ ಲಸಿಕೆ, ಜೊತೆಗೆ ಇಮ್ಯುನೊಗ್ಲೋಬುಲಿನ್ (ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೀಳಬೇಕು. ಆ ಮೇಲೆ ಎದೆಹಾಲು ಧಾರಾಳವಾಗಿ ಕೊಡಬಹುದು.

ಎಚ್‌ಬಿಎಸ್‌ಎಜಿ ನೆಗೆಟಿವ್ ಆಗಿ ವರ್ಷಗಳೇ ಕಳೆದಿದ್ದರೂ ಆ ಉಂಗುರ ಕೆಲವು ಕೋಶಗಳಲ್ಲಿ ಉಳಿದಿರುತ್ತದೆ. ಕೀಮೋಥೆರಪಿಯೋ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಬೇರೆ ಔಷಧಿಯೋ ಶುರುವಾದರೆ ಅದು ಮತ್ತೆ ಎಚ್ಚರಗೊಳ್ಳಬಹುದು. ಹಾಗಾಗಿ ಹಳೆಯ ವರದಿಗಳನ್ನು ಎಸೆಯಬೇಡಿ. ಹೊಸ ಡಾಕ್ಟರ ಬಳಿ ಹೋಗುವಾಗ ಕೇಳದಿದ್ದರೂ ತೋರಿಸಿ.