ನಮ್ಮ ನರ್ಸಿಂಗ್ ಕಾಲೇಜು ಹುಟ್ಟಿದ್ದು ಯಾವ ವರ್ಷ?

ಪ್ರಶ್ನೆ: ಬೆಳ್ಳಿಹಬ್ಬಕ್ಕೆ ಸ್ಮರಣ ಸಂಚಿಕೆ ತರುತ್ತಿದ್ದೇವೆ. ಕಾಲೇಜಿನ ಇತಿಹಾಸ ಬರೆಯಲು ಕೂತರೆ ಗೇಟಿನ ಬೋರ್ಡಿನಲ್ಲಿ ಒಂದು ವರ್ಷ, ಪ್ರಾಸ್ಪೆಕ್ಟಸ್‌ನಲ್ಲಿ ಇನ್ನೊಂದು, ನಿವೃತ್ತ ಸಿಸ್ಟರುಗಳು ಹೇಳುವುದು ಮತ್ತೊಂದು. ಯಾವುದನ್ನು ಹಾಕಬೇಕು?

ಉತ್ತರ: ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆಯಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಮೂರು ವರ್ಷಗಳೂ ಸರಿಯಿರಬಹುದು. ಒಂದು ಆಡಳಿತ ಮಂಡಳಿಯದು, ಒಂದು ಡಿಪ್ಲೊಮಾ ಸ್ಕೂಲಿನದು, ಒಂದು ಪದವಿ ಕಾಲೇಜಿನದು. ಮೂರನ್ನೂ ಒಂದೇ ಸಾಲಿಗೆ ಕಟ್ಟಿಹಾಕಿದಾಗಲೇ ಗೊಂದಲ ಶುರು.

ನಮ್ಮ ಭಾಗದ ದೊಡ್ಡ ಸಂಸ್ಥೆಗಳೆಲ್ಲ ಹಳೆಯವು. ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ 1906ರದು, ವಿಜಯಪುರದ ಬಿಎಲ್‌ಡಿಇ 1910ರದು, ಬೆಳಗಾವಿಯ ಕೆಎಲ್‌ಇ 1916ರದು. ಇವು ಶಾಲೆ ಕಟ್ಟಲು ಹುಟ್ಟಿದ ಸಂಸ್ಥೆಗಳು. ಆಸ್ಪತ್ರೆ, ವೈದ್ಯಕೀಯ ಕಾಲೇಜು ಎಲ್ಲ ಆಮೇಲೆ. ಕೆಎಲ್‌ಇಯ ಜೆ.ಎನ್. ವೈದ್ಯಕೀಯ ಕಾಲೇಜು ಕೂಡ ಶುರುವಾದದ್ದು 1963ರಲ್ಲಿ. ಆದ್ದರಿಂದ ಲೆಟರ್‌ಹೆಡ್‌ನ ನೆತ್ತಿಯ ಮೇಲಿರುವ ವರ್ಷವನ್ನು ನರ್ಸಿಂಗ್ ಕಾಲೇಜಿಗೆ ಅಂಟಿಸಬೇಡಿ.

ಎರಡನೆಯದು ಸ್ಕೂಲು ಮತ್ತು ಕಾಲೇಜಿನ ಫರಕು. ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ) ಡಿಪ್ಲೊಮಾ ಕಲಿಸುವುದು ಸ್ಕೂಲ್ ಆಫ್ ನರ್ಸಿಂಗ್. ಅದರ ಪರೀಕ್ಷೆ ನಡೆಸುವುದು ಡಿಪ್ಲೊಮಾ ಪರೀಕ್ಷಾ ಮಂಡಳಿ, ವಿಶ್ವವಿದ್ಯಾಲಯವಲ್ಲ. ಬಿ.ಎಸ್ಸಿ. ನರ್ಸಿಂಗ್ ಕಲಿಸುವುದು ಕಾಲೇಜು. ಅಲ್ಲಿ ಮಾತ್ರ ವಿಶ್ವವಿದ್ಯಾಲಯದ ಮಾತು. ಎಷ್ಟೋ ಕಡೆ ಮೊದಲು ಸ್ಕೂಲು ಬಂದು, ವರ್ಷಗಳು ಕಳೆದು ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಕಾಲೇಜು ತೆರೆದಿರುತ್ತದೆ. ಪ್ರಿನ್ಸಿಪಾಲರೂ ಕೆಲಕಾಲ ಒಬ್ಬರೇ. ಹಳೆಯ ಸಿಸ್ಟರ್ ಹೇಳುವುದು ಸ್ಕೂಲಿನ ವರ್ಷ, ಬೋರ್ಡಿನಲ್ಲಿರುವುದು ಕಾಲೇಜಿನದು. ಇಬ್ಬರದೂ ಸುಳ್ಳಲ್ಲ.

ನರ್ಸಿಂಗ್ ಪದವಿ ವಿಶ್ವವಿದ್ಯಾಲಯದೊಳಗೆ ಬಂದದ್ದೇ ತಡವಾಗಿ. ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ 1909ರಲ್ಲಿ ಇಂಥ ಮೊದಲ ಶಾಲೆ ತೆರೆಯಿತು. ಭಾರತದಲ್ಲಿ 1946ರಲ್ಲಿ ದೆಹಲಿ ಮತ್ತು ವೆಲ್ಲೂರಿನಲ್ಲಿ ಬಿ.ಎಸ್ಸಿ. ಶುರುವಾಯಿತು. ಸಂಚಿಕೆಗೆ ಇಷ್ಟು ಹಿನ್ನೆಲೆ ಸಾಕು. ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನಲ್ಲಿ ತೆರೆದ ಶಾಲೆಗೆ ಮೂರು ಪುಟ ಕೊಟ್ಟು, ನಿಮ್ಮ ಮೊದಲ ಬ್ಯಾಚಿಗೆ ಮೂರು ಸಾಲು ಕೊಡುವುದು ಸ್ಮರಣ ಸಂಚಿಕೆಗಳ ಹಳೆಯ ಚಾಳಿ.

ಹೆಚ್ಚು ತಪ್ಪಾಗುವುದು ವಿಶ್ವವಿದ್ಯಾಲಯದ ಹೆಸರಿನಲ್ಲಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಹುಟ್ಟಿದ್ದು 1996ರಲ್ಲಿ. ಅದಕ್ಕೂ ಮೊದಲಿನ ಪದವಿಗಳು ನಮ್ಮ ಭಾಗದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದವು. ಹಳೆಯ ವಿಶ್ವವಿದ್ಯಾಲಯದಲ್ಲಿ ಹೆಸರು ನೋಂದಾಯಿಸಿದ್ದವರು ಅಲ್ಲೇ ಮುಗಿಸುವುದು ರೂಢಿ. ಬಿ.ಎಸ್ಸಿ. ನಾಲ್ಕು ವರ್ಷದ್ದಾದ್ದರಿಂದ 1996 ಕಳೆದ ಮೇಲೂ ಧಾರವಾಡದ ಅಂಕಪಟ್ಟಿ ಕೈಗೆ ಸಿಕ್ಕರೆ ಗಾಬರಿ ಬೇಡ. ಮುಂದೆ ಕೆಎಲ್‌ಇಗೆ 2006ರಲ್ಲಿ, ಬಿಎಲ್‌ಡಿಇಗೆ 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ, ಅಂದರೆ ತಾನೇ ಪದವಿ ಕೊಡಬಲ್ಲ ಸಂಸ್ಥೆಯ, ಸ್ಥಾನ ಸಿಕ್ಕಿತು. ಆದರೆ ಸಂಸ್ಥೆಗೆ ಆ ಸ್ಥಾನ ಸಿಕ್ಕ ದಿನವೇ ಅದರ ಎಲ್ಲ ಕಾಲೇಜುಗಳೂ ಒಳಗೆ ಬಂದವು ಎಂದುಕೊಳ್ಳಬಾರದು. ಯಾವ ಕಾಲೇಜು, ಯಾವ ದಿನಾಂಕದಿಂದ ಎಂಬುದು ಅಧಿಸೂಚನೆಯಲ್ಲಿರುತ್ತದೆ. ಅದನ್ನು ನೋಡದೆ ಬರೆಯಬೇಡಿ.

ನಿಮ್ಮ ಸ್ಕೂಲು ಇನ್ನೂ ಹಳೆಯದಾದರೆ ಬೇರೆ ತೊಡಕು. 1956ರವರೆಗೆ ಬೆಳಗಾವಿ, ಬಿಜಾಪುರ (ಇಂದಿನ ವಿಜಯಪುರ) ಜಿಲ್ಲೆಗಳು ಮುಂಬಯಿ ರಾಜ್ಯಕ್ಕೆ ಸೇರಿದ್ದವು. ನರ್ಸುಗಳ ನೋಂದಣಿಗೆ ಅಲ್ಲಿ 1935ರ ಕಾಯ್ದೆಯಿತ್ತು. ಮೈಸೂರು ರಾಜ್ಯದ ಕಾಯ್ದೆ ಬಂದದ್ದು 1961ರಲ್ಲಿ. ಆ ಕಾಲದ ಪ್ರಮಾಣಪತ್ರದಲ್ಲಿ ‘ಬಾಂಬೆ’ ಎಂದು ಕಂಡರೆ, ಆಕೆ ಮುಂಬಯಿಗೆ ಹೋಗಿ ಓದಿದಳು ಎಂದು ಬರೆದುಬಿಡಬೇಡಿ. ಓದಿದ್ದು ಬೆಳಗಾವಿಯಲ್ಲೇ ಇರಬಹುದು. ನರ್ಸ್ ಮತ್ತು ಮಿಡ್‌ವೈಫ್ ನೋಂದಣಿ ಬೇರೆ ಬೇರೆಯಾಗಿದ್ದರಿಂದ ಒಬ್ಬಳದೇ ಎರಡು ಸಂಖ್ಯೆ ಸಿಗುತ್ತದೆ, ಇಬ್ಬರೆಂದು ಎಣಿಸಬೇಡಿ. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ, ಹಾಗಾಗಿ ಅಲ್ಲಿನ ಹಳೆಯ ಆದೇಶಗಳನ್ನು ‘ಬಿಜಾಪುರ ಜಿಲ್ಲೆ’ ಎಂದು ಹುಡುಕಬೇಕು. ಬಾಗಲಕೋಟೆಯ ಹೊಸ ಬಡಾವಣೆಯಾದ ನವನಗರದ ಇಂದಿನ ವಿಳಾಸ ಹಿಡಿದು ಹೊರಟರೆ ಹಳೆಯ ಊರಿನಲ್ಲಿದ್ದಾಗಿನ ಕಾಗದ ಸಿಗಲಿಕ್ಕಿಲ್ಲ.

ಈಗ ಕಾಗದಗಳಿಗೆ ಬರೋಣ. ನಾಲ್ಕು ದಿನಾಂಕ ಬೇಕು: ಕೋರ್ಸಿಗೆ ಅನುಮತಿ ಕೊಟ್ಟ ಸರಕಾರಿ ಆದೇಶ, ನರ್ಸಿಂಗ್ ಪರಿಷತ್ತಿನ ಮಾನ್ಯತೆ, ಪದವಿಯಾದರೆ ವಿಶ್ವವಿದ್ಯಾಲಯದ ಸಂಯೋಜನೆ (ಅಫಿಲಿಯೇಶನ್), ಮತ್ತು ಮೊದಲ ವಿದ್ಯಾರ್ಥಿ ದಾಖಲಾದ ದಿನ. ಇವು ಒಂದೇ ವರ್ಷದಲ್ಲಿ ಬಿದ್ದರೆ ನಿಮ್ಮ ಅದೃಷ್ಟ. ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯ ಆದೇಶದ ಸಂಖ್ಯೆ ಸಾಮಾನ್ಯವಾಗಿ ‘ಆಕುಕ’ ಎಂದು ಶುರುವಾಗುತ್ತದೆ. ಸಂಖ್ಯೆಯೊಳಗಿನ ವರ್ಷ ಕಡತ ತೆರೆದದ್ದು. ಆದೇಶ ಹೊರಟದ್ದು ಮರುವರ್ಷವೂ ಇರಬಹುದು. ‘ದಿನಾಂಕ’ ಎಂದಿರುವುದನ್ನೇ ನಂಬಿ.

ಇವೆಲ್ಲಕ್ಕಿಂತ ಹೆಚ್ಚು ಮಾತಾಡುವುದು ದಾಖಲಾತಿ ರಜಿಸ್ಟರು. ಕ್ರಮ ಸಂಖ್ಯೆ 1ರ ಎದುರಿನ ತಾರೀಖು, ಹುಡುಗಿಯ ಊರು, ಹಿಂದೆ ಓದಿದ ಶಾಲೆ, ಕೊನೆಗೆ ಷರಾ ಕಾಲಂ. ಮದುವೆಯಾಗಿ ಬಿಟ್ಟಳು, ಸರಕಾರಿ ನೌಕರಿ ಸಿಕ್ಕಿತು, ಮಿಡ್‌ವೈಫರಿಗೆ ಮುಂದುವರಿದಳು ಎಂಬಂಥ ಟಿಪ್ಪಣಿ ಇದ್ದರೆ ಅಲ್ಲೇ. ಪುಟಗಳ ಫೋಟೊ ತೆಗೆದಿಟ್ಟುಕೊಳ್ಳಿ, ಆದರೆ ಜಾತಿ, ಜನ್ಮದಿನಾಂಕ, ವಿಳಾಸಗಳನ್ನು ಅಚ್ಚಿಗೆ ಕೊಡಬೇಡಿ.

ಕಾಗದ ಕಾಲೇಜಿನಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಖಾಸಗಿ ಕಾಲೇಜಿಗಲ್ಲ, ಇಲಾಖೆಗೆ ಮತ್ತು ವಿಶ್ವವಿದ್ಯಾಲಯಕ್ಕೆ, ಬೇರೆ ಬೇರೆಯಾಗಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ‘ಕಾಲೇಜಿನ ಪೂರ್ತಿ ಇತಿಹಾಸ ಕೊಡಿ’ ಎಂದು ಕೇಳಿದರೆ ಅರ್ಜಿ ವಾಪಸು ಬರುತ್ತದೆ. ‘ಇಂಥ ವರ್ಷದಿಂದ ಇಂಥ ವರ್ಷದವರೆಗಿನ ಸಂಯೋಜನಾ ಆದೇಶದ ಪ್ರತಿ’ ಎಂದು ಕೇಳಿ.

ಹಾಗಾದರೆ ಯಾವ ವರ್ಷ? ಬೆಳ್ಳಿಹಬ್ಬ ಯಾವ ಕೋರ್ಸಿನದೋ ಆ ಕೋರ್ಸಿಗೆ ಮೊದಲ ವಿದ್ಯಾರ್ಥಿ ದಾಖಲಾದ ವರ್ಷ. ಆದೇಶ ಮೊದಲೇ ಬಂದಿದ್ದರೂ, ಪಾಠ ಕೇಳಲು ಒಬ್ಬಳೂ ಕೂರದ ವರ್ಷವನ್ನು ಶಾಲೆಯ ವಯಸ್ಸಿಗೆ ಸೇರಿಸುವುದು ನಮಗೆ ಸರಿ ಕಾಣುವುದಿಲ್ಲ. ಉಳಿದ ವರ್ಷಗಳನ್ನು ಬಿಡಬೇಡಿ. ಯಾವುದು ಏನು ಎಂದು ಒಂದೊಂದು ಸಾಲು ಬರೆದರೆ ಬೋರ್ಡಿನವರಿಗೂ ಸಿಸ್ಟರುಗಳಿಗೂ ಸಮಾಧಾನ.

ಇನ್ನು ಮುಖಪುಟಕ್ಕೆ ಹಾಕುವ, ಹೊಸ ವಿದ್ಯಾರ್ಥಿಗಳು ನರ್ಸಿಂಗ್ ಪ್ರತಿಜ್ಞೆ ತೆಗೆದುಕೊಳ್ಳುವ ದೀಪ ಬೆಳಗುವ ಸಮಾರಂಭದ ಫೋಟೊ. ಅದು ದಾಖಲಾತಿಯ ದಿನವೇ ನಡೆಯುವುದಲ್ಲ, ಕೆಲವು ತಿಂಗಳು ಕಳೆದ ಮೇಲೆ. ಹೀಗಾಗಿ ಹಿಂದಿನ ಬ್ಯಾನರ್‌ನಲ್ಲಿ ‘ಮೊದಲ ಬ್ಯಾಚ್’ ಎಂದಿದ್ದರೂ ಅದರ ಮೇಲಿನ ಇಸವಿ ರಜಿಸ್ಟರಿನದಕ್ಕಿಂತ ಒಂದು ಮುಂದಿರಬಹುದು. ಫೋಟೊದ ಕೆಳಗೆ ಬ್ಯಾನರ್‌ನ ವರ್ಷವನ್ನೇ ಹಾಕಿ, ಸ್ಥಾಪನೆಯ ವರ್ಷವನ್ನಲ್ಲ.