ಟ್ಯೂಬ್ ನಿಧಾನವೋ, ಸ್ಕೋಪ್ ನಿಧಾನವೋ?

"ಸರ್, ಡೇಟಾಶೀಟ್‌ನಲ್ಲಿ ರೈಸ್ ಟೈಮ್ 2 ನ್ಯಾನೊಸೆಕೆಂಡ್ ಅಂತಿದೆ. ನಮಗೆ 4 ಬರ್ತಿದೆ. ಟ್ಯೂಬ್ ಹೋಗಿದೆಯಾ?"

ಮಂದ ಬೆಳಕನ್ನೂ ವಿದ್ಯುತ್ ಪಲ್ಸ್ ಮಾಡಿ ಹಿಗ್ಗಿಸುವ ಫೋಟೋಮಲ್ಟಿಪ್ಲೈಯರ್ ಟ್ಯೂಬ್ ಅಳೆಯುವ ವಿದ್ಯಾರ್ಥಿಗಳಿಂದ ಈ ದೂರು ಬರುತ್ತಲೇ ಇರುತ್ತದೆ. ರೈಸ್ ಟೈಮ್ ಅಂದರೆ ಆ ಪಲ್ಸ್ ಏರಲು ಹಿಡಿಯುವ ಸಮಯ. ನಾನು ಮೊದಲು ನೋಡುವುದು ಟ್ಯೂಬನ್ನಲ್ಲ, ಪಲ್ಸನ್ನು ತೆರೆಯ ಮೇಲೆ ತೋರಿಸುವ ಸ್ಕೋಪನ್ನು (ಆಸಿಲೋಸ್ಕೋಪ್). ಅದರ ಬ್ಯಾಂಡ್‌ವಿಡ್ತ್, ಅಂದರೆ ಅದು ಹಿಡಿಯಬಲ್ಲ ಆವರ್ತನದ ಮಿತಿ, 100 ಮೆಗಾಹರ್ಟ್ಸ್ ಆದರೆ ಉತ್ತರ ಅಲ್ಲೇ ಇದೆ. 0.35 ಅನ್ನು ಬ್ಯಾಂಡ್‌ವಿಡ್ತ್‌ನಿಂದ ಭಾಗಿಸಿ. ಸ್ಕೋಪ್‌ಗೇ 3.5 ನ್ಯಾನೊಸೆಕೆಂಡ್ ಬೇಕು. ಇದನ್ನು ಟ್ಯೂಬಿನ 2ಕ್ಕೆ ಸುಮ್ನೆ ಕೂಡುವ ಹಾಗಿಲ್ಲ. ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ 4 ಬರುತ್ತದೆ. ಅದೇ ಟ್ಯೂಬಿಗೆ 500 ಮೆಗಾಹರ್ಟ್ಸ್ ಸ್ಕೋಪ್ ಹಾಕಿದರೆ 2.1. ಬೆಳಕಿನ ಪಲ್ಸ್‌ಗೂ ಇದೇ ಲೆಕ್ಕ. ಎಲ್‌ಇಡಿಯೇ ನಿಧಾನವಾಗಿ ಹೊತ್ತಿಕೊಂಡರೆ ಟ್ಯೂಬ್ ಪಾಪ ಏನು ಮಾಡೀತು?

ಸ್ಕೋಪ್ ಇನ್‌ಪುಟ್ 50 ಓಮ್‌ನಲ್ಲಿರಲಿ. 1 ಮೆಗಾಓಮ್‌ನಲ್ಲೇ ಬಿಟ್ಟರೆ, ಒಂದು ಮೀಟರ್ ಕೇಬಲ್‌ನ ಸುಮಾರು 100 ಪಿಕೋಫ್ಯಾರಡ್ ಸೇರಿ ಪಲ್ಸ್‌ನ ಬಾಲ 100 ಮೈಕ್ರೋಸೆಕೆಂಡ್‌ವರೆಗೆ ಎಳೆಯುತ್ತದೆ.

ಆದರೆ ರೈಸ್ ಟೈಮ್ ಒಂದನ್ನೇ ನೋಡಿ ಟ್ಯೂಬ್ ಆರಿಸಬೇಡಿ. ಲಡಾಖ್‌ನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯೂ ಸೇರಿ ಕಟ್ಟಿದ ಹಗಾರ್ ದೂರದರ್ಶಕಗಳಿವೆ. ಗಾಮಾ ಕಿರಣ ವಾತಾವರಣಕ್ಕೆ ಬಡಿದಾಗ ಕೆಲವೇ ನ್ಯಾನೊಸೆಕೆಂಡ್ ಮಿಂಚುವ ಚೆರೆಂಕೋವ್ ಬೆಳಕನ್ನು ಅವು ಹಿಡಿಯುತ್ತವೆ. ಬೆಳಕು ಯಾವ ದೂರದರ್ಶಕಕ್ಕೆ ಎಷ್ಟು ಮೊದಲು ತಲುಪಿತು ಅನ್ನುವುದರಿಂದಲೇ ಕಿರಣ ಬಂದ ದಿಕ್ಕು ಗೊತ್ತಾಗುತ್ತದೆ. ಇಂಥಲ್ಲಿ ಟ್ಯೂಬ್ ಎಷ್ಟು ತಡ ಮಾಡುತ್ತದೆ ಅನ್ನುವುದು ದೊಡ್ಡ ವಿಷಯವಲ್ಲ, ಆ ತಡವನ್ನು ಕಳೆದರಾಯಿತು. ಪ್ರತಿ ಸಲ ಒಂದೇ ಥರ ತಡ ಮಾಡುತ್ತದೆಯಾ ಅನ್ನುವುದೇ ಮುಖ್ಯ. ಟ್ಯೂಬಿನಲ್ಲಿ ಬೆಳಕು ಬಿದ್ದಾಗ ಎಲೆಕ್ಟ್ರಾನ್ ಬಿಡುವ ಪದರ ಫೋಟೋಕ್ಯಾಥೋಡ್, ಆ ಎಲೆಕ್ಟ್ರಾನನ್ನು ಹಲವಾಗಿಸುವ ಫಲಕಗಳು ಡೈನೋಡ್‌ಗಳು. ಫೋಟೋಕ್ಯಾಥೋಡ್‌ನ ಅಂಚಿನಿಂದ ಹೊರಟ ಎಲೆಕ್ಟ್ರಾನ್‌ಗೆ ಮೊದಲ ಡೈನೋಡ್‌ವರೆಗಿನ ದಾರಿ ಬೇರೆ, ನಡುವಿನಿಂದ ಹೊರಟಿದ್ದಕ್ಕೆ ಬೇರೆ. ತಡದಲ್ಲಿ ಏರುಪೇರು ಬರುವುದು ಹೀಗೆ.

ಈ ಏರುಪೇರು ಅಳೆಯಲು ಲೇಸರ್ ಬೆಳಕನ್ನು ಫಿಲ್ಟರ್ ಹಾಕಿ ಒಂದೊಂದೇ ಫೋಟಾನ್‌ಗೆ ಇಳಿಸಬೇಕು. ಜಾಸ್ತಿ ಫೋಟಾನ್ ಬಿದ್ದರೆ ಸರಾಸರಿಯಾಗಿ ಏರುಪೇರು ಮುಚ್ಚಿಹೋಗುತ್ತದೆ. ಹತ್ತು ಲೇಸರ್ ಪಲ್ಸ್‌ಗೆ ಒಂಬತ್ತು ಸಲ ಟ್ಯೂಬ್ ಸುಮ್ಮನಿದ್ದರೆ ಗಾಬರಿ ಬೇಡ, ಫಿಲ್ಟರ್ ಸರಿಯಾಗಿದೆ. ಲೇಸರ್‌ನ ಟ್ರಿಗರ್‌ನಿಂದ ಟ್ಯೂಬಿನ ಕೊನೆಯಲ್ಲಿ ಎಲೆಕ್ಟ್ರಾನ್‌ಗಳನ್ನು ಹಿಡಿಯುವ ಆನೋಡ್‌ನ ಪಲ್ಸ್‌ವರೆಗಿನ ಸಮಯ ಗುರುತಿಸುತ್ತಾ ಹೋಗಿ, ಹಿಸ್ಟೋಗ್ರಾಂ ಬರೆಯಿರಿ. ದೊಡ್ಡ ಶಿಖರವಾದ ಮೇಲೆ ತಡವಾಗಿ ಒಂದು ಪುಟ್ಟ ದಿಬ್ಬವೂ ಕಾಣಬಹುದು. ಅದನ್ನು ಗದ್ದಲ ಅಂತ ಕತ್ತರಿಸಿಬಿಡುತ್ತಾರೆ. ಮೊದಲ ಡೈನೋಡ್‌ಗೆ ತಾಗಿ ಹಿಂದಕ್ಕೆ ಪುಟಿದು, ಮತ್ತೆ ಬಂದು ಬಿದ್ದ ಎಲೆಕ್ಟ್ರಾನ್‌ಗಳು ಅವು. ಅಳತೆಯಲ್ಲಿ ಅವೂ ಇರಬೇಕು.