12345679: ಎಂಟು ಎಲ್ಲಿ ಹೋಯಿತು?

ಪ್ರಶ್ನೆ: ಕ್ಯಾಲ್ಕುಲೇಟರಿನಲ್ಲಿ 12345679ನ್ನು 9ರಿಂದ ಗುಣಿಸಿದರೆ 111111111 ಬರುತ್ತದೆ. ಚೆನ್ನಾಗಿದೆ. ಆದರೆ ಈ ಸಂಖ್ಯೆಯಲ್ಲಿ 8 ಯಾಕಿಲ್ಲ?

ಉತ್ತರ: ಶಾಲೆಯಲ್ಲಿ ಈ ಆಟ ಆಡದವರು ಕಡಿಮೆ. ಗೆಳೆಯನಿಗೆ ಇಷ್ಟದ ಅಂಕಿ ಕೇಳುವುದು. ಅವನು 7 ಅಂದರೆ 12345679ನ್ನು 63ರಿಂದ ಗುಣಿಸುವುದು. ಪರದೆ ತುಂಬ ಏಳು! 8 ಸೇರಿಸಿ ನೋಡಿ, ಆಟ ಕೆಡುತ್ತದೆ: 123456789 × 9 = 1111111101. ಕೊನೆಯಲ್ಲಿ ಬಂದು ಎಡವಿತು.

ಗುಟ್ಟು ಇರುವುದು ಭಾಗಾಕಾರದಲ್ಲಿ. 1ನ್ನು 9ರಿಂದ ಭಾಗಿಸಿದರೆ 0.1111… ಹೀಗೆ ಮುಗಿಯದ ಒಂದುಗಳು. 1ನ್ನು 81ರಿಂದ ಭಾಗಿಸುವುದೆಂದರೆ ಆ 0.1111…ನ್ನು ಅದರಿಂದಲೇ ಗುಣಿಸಿದ ಹಾಗೆ. ಗುಣಾಕಾರ ಮಾಡುವಾಗ ಒಂದೊಂದು ಸಾಲನ್ನೂ ಒಂದೊಂದು ಮನೆ ಸರಿಸಿ ಬರೆಯುತ್ತೇವಲ್ಲ, ಇಲ್ಲೂ ಹಾಗೆಯೇ:

0.011111…
0.001111…
0.000111…

ಸಾಲುಗಳು ಹೀಗೇ ಮುಂದುವರಿಯುತ್ತವೆ. ಈಗ ಮೇಲಿಂದ ಕೆಳಗೆ ಕೂಡಿ. ಒಂದು ಮನೆಯಲ್ಲಿ ಒಂದೇ 1, ಮುಂದಿನದರಲ್ಲಿ ಎರಡು, ಆಮೇಲೆ ಮೂರು. ಹಾಗಾಗಿ 1, 2, 3… 7, 8, 9 ತನಕ ಸಲೀಸು. ಅದರ ಮುಂದಿನ ಮನೆಯ ಮೊತ್ತ 10. ಒಂದು ಮನೆಯಲ್ಲಿ ಎರಡಂಕಿ ಹಿಡಿಸಲ್ಲ, ಕೈಯಲ್ಲಿ ಒಂದು ಉಳಿಯುತ್ತದೆ. ಅದು ಎಡಗಡೆಯ 9ಕ್ಕೆ ಸೇರಿ ಅದೂ 10 ಆಗುತ್ತದೆ. ಅಲ್ಲಿ 0 ಬರೆದು ಮತ್ತೆ ಕೈಯಲ್ಲಿ ಒಂದು. ಅದು ಹೋಗಿ ಸೇರುವುದು 8ಕ್ಕೆ. ಎಂಟು ಒಂಬತ್ತಾಯಿತು!

ಅಂದರೆ 8 ಎಲ್ಲೂ ಕಳೆದುಹೋಗಿಲ್ಲ. ನಾವು ಕೊನೆಯಲ್ಲಿ ನೋಡುವ 9 ಇದೆಯಲ್ಲ, ಅದೇ ಆ 8. ನಿಜವಾದ 9 ಸೊನ್ನೆಯಾಗಿ ಮುಂದಿನ ಸುತ್ತಿಗೆ ಹೋಯಿತು: 0.012345679012345679… ಈ ಒಂಬತ್ತು ಅಂಕಿಗಳ ಸುತ್ತು ಮತ್ತೆ ಮತ್ತೆ ಬರುವುದರಿಂದ 12345679 × 81 = 999999999. ಅದನ್ನು 9ರಿಂದ ಭಾಗಿಸಿದರೆ ನಿಮ್ಮ ಒಂದುಗಳ ಸಾಲು.

ನನಗೆ ಇದಕ್ಕಿಂತ ಇಷ್ಟವಾದದ್ದು ಇನ್ನೊಂದಿದೆ. ಮುಂದೆ ಸೊನ್ನೆ ಹಾಕಿ 012345679 ಅಂತ ಬರೆದುಕೊಳ್ಳಿ. 2ರಿಂದ ಗುಣಿಸಿದರೆ 024691358. ಈಗ 7 ನಾಪತ್ತೆ! 4ರಿಂದ ಗುಣಿಸಿದರೆ 049382716, ಇದರಲ್ಲಿ 5 ಇಲ್ಲ. 5ರಿಂದ ಗುಣಿಸಿದರೆ 4 ಇಲ್ಲ, 7ರಿಂದಾದರೆ 2 ಇಲ್ಲ, 8ರಿಂದಾದರೆ 1 ಇಲ್ಲ. ಗುಣಿಸಿದ ಅಂಕಿಗೆ ಕಾಣೆಯಾದ ಅಂಕಿ ಕೂಡಿಸಿದರೆ ಪ್ರತಿಸಲವೂ 9. ಆದರೆ 3 ಮತ್ತು 6 ಈ ಮಾತು ಕೇಳುವುದಿಲ್ಲ. 3ರಿಂದ ಗುಣಿಸಿದರೆ ಬರುವುದು 037037037. 81ರಲ್ಲಿ 3 ಅಡಗಿರುವುದರಿಂದ 3/81 ಎಂಬ ಭಿನ್ನ 1/27ಕ್ಕೆ ಇಳಿದು, ಸುತ್ತೂ ಮೂರೇ ಅಂಕಿಗೆ ಮುಗಿದುಬಿಡುತ್ತದೆ.

ಅಂದಹಾಗೆ, ಈ ಗುಣಾಕಾರ ಕ್ಯಾಲ್ಕುಲೇಟರ್ ಕಾಲದ್ದಲ್ಲ. 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ ಗಣಿತಸಾರಸಂಗ್ರಹದಲ್ಲಿ ಇದು ಇದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಇಂಥ ಉತ್ತರಗಳನ್ನು ಅವರು ಕೊರಳ ಹಾರ ಅನ್ನುತ್ತಾರೆ. ಅವರ ಇನ್ನೊಂದು ಹಾರ 27994681 × 441. ಉತ್ತರ ನಾನು ಹೇಳಲ್ಲ, ಫೋನ್ ನಿಮ್ಮ ಕೈಯಲ್ಲೇ ಇದೆಯಲ್ವಾ?